ಕರಿ ಕಂಬಳಿ ಮತ್ತು ನನ್ನ ಪೋಸ್ಟರು

ಎಮ್ಮೆಯ ಬೆನ್ನಿನ ಮೇಲೆ ಕುಳಿತ ಬೆಳ್ಳಕ್ಕಿಯನ್ನು ನೀವು ನೋಡಿಯೇ ಇರುತ್ತೀರಿ. ಹೊಳಲ್ಕೆರೆಯಿಂದ ಹೊಸದುರ್ಗದ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದ ಭಾಗ್ಯದ ದಿನಗಳಲ್ಲಿ ನಾನು ಅದನ್ನೇ ನೋಡುತ್ತ ಕೂರುತ್ತೇನೆ. ಎಮ್ಮೆಯ ಮೇಲಿದ್ದಾಗ ಎಷ್ಟು ದೂರದಿಂದಲಾದರೂ ಕಣ್ಣಿಗೆ ರಾಚುವ ಆ ಹಕ್ಕಿ, ಅಲ್ಲಿಂದ ಹಾರಿ ಸುಣ್ಣ ಹೊಡೆದ ಮೋರಿಕಟ್ಟೆಯ ಮೇಲೆ ಕುಳಿತಿತೋ, ಇದ್ದೂ ಇಲ್ಲದಂತಾಗಿಬಿಡುತ್ತದೆ. ಅದರ ಧವಳಿಮೆಯಲ್ಲಿ ಗುಲಗಂಜಿಯಷ್ಟೂ ಕಡಿಮೆಯಾಗಿರುವುದಿಲ್ಲ. ಕಳೆದುಹೋದದ್ದು ಎಮ್ಮೆ ಮಾತ್ರ. ಹಾಗೆ ನೋಡಿದರೆ ಬೆಳ್ಳಕ್ಕಿಯ ಸೌಂದರ್ಯದಲ್ಲಿ ಅರ್ಧ ಪಾಲು ಎಮ್ಮೆಗೆ ಸಲ್ಲಬೇಕು. ಆದರೆ ಬೆಳ್ಳಕ್ಕಿಯನ್ನು ಹಾಡಿ ಹೊಗಳಿದ ರಸಿಕರಲ್ಲಿ ಯಾರೂ ಎಮ್ಮೆಯ ಕಡೆ ತಿರುಗಿ ನೋಡಿದ ಹಾಗಿಲ್ಲ, ಎಮ್ಮೆಯೂ ಅದಕ್ಕಾಗಿ ತಲೆ ಕೆಡಿಸಿಕೊಂಡ ಹಾಗಿಲ್ಲ.

ಎಮ್ಮೆಯ ಪರವಾಗಿ ಇಷ್ಟು ವಕಾಲತ್ತು ವಹಿಸುತ್ತಿರುವ ನಾನು ಇತ್ತೀಚಿನವರೆಗೂ ಎದುರು ಪಕ್ಷದಲ್ಲಿದ್ದವನು. ವೃತ್ತಿಯಿಂದ ಹೈಸ್ಕೂಲಿನ ಚಿತ್ರಕಲಾ ಶಿಕ್ಷಕ. ಅಂದರೆ ಗಣಿತದ ಮೇಷ್ಟರಿಗೆ ಪಾಠ ಮುಗಿಯದೆ ಉಳಿದಾಗಲೆಲ್ಲ ನನ್ನ ಪೀರಿಯಡ್ಡನ್ನು ನಗುನಗುತ್ತ ದಾನ ಮಾಡುವ ಉದಾರಿ. ಪ್ರವೃತ್ತಿಯಿಂದ ಮೃದುವರ್ಣಗಳ ಉಪಾಸಕ. ಪಠ್ಯಪುಸ್ತಕದಲ್ಲಿ 'ವೈದೃಶ್ಯ' ಎಂಬ ಪಾಠ ಬಂದಾಗ, ಕಪ್ಪಿನ ಪಕ್ಕದಲ್ಲಿ ಬಿಳಿ ಎದ್ದು ಕಾಣುತ್ತದೆ ಎಂದು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಆ ಬರಹವೇ ಅದಕ್ಕೆ ಉದಾಹರಣೆಯಾಗಿ ಮುಂದೆ ನಿಂತಿರುವುದನ್ನು ಗಮನಿಸದೆ, ಹೊರಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದವನು. ಸಿನಿಮಾ ಪೋಸ್ಟರಿನವರು ಕಪ್ಪಿನ ಮೇಲೆ ಹಳದಿ, ಹಸಿರಿನ ಪಕ್ಕ ಕೆಂಪು ಎಂದು ಸುರಿಯುವುದನ್ನು ಕಂಡರೆ ನನಗೆ ಯಾರೋ ಕಿವಿಯ ಹತ್ತಿರ ತಮಟೆ ಬಡಿದಂತಾಗುತ್ತಿತ್ತು. ನನ್ನ ಬಣ್ಣದ ಪೆಟ್ಟಿಗೆಯಲ್ಲಿ ಉಳಿದೆಲ್ಲ ಟ್ಯೂಬುಗಳೂ ಹಿಂಡಿ ಹಿಪ್ಪೆಯಾಗಿದ್ದರೆ, ಕಪ್ಪಿನದು ಮಾತ್ರ ಕೊಂಡು ತಂದ ದಿನದ ಹೊಟ್ಟೆಯನ್ನು ಹಾಗೆಯೇ ಹೊತ್ತುಕೊಂಡು ಮಲಗಿತ್ತು.

ಹುಟ್ಟಿದ್ದಾದರೂ ಎಂಥ ಸೀಮೆಯಲ್ಲಿ! ದುರ್ಗದ ಬಂಡೆಗಳು ಬೆಟ್ಟದ ಮೇಲೆ ಬೆಟ್ಟವಾಗಿ ಕೂತಿವೆ. ಅವು ಅಲ್ಲಾಡಿದ್ದನ್ನು ಕಂಡವರಿಲ್ಲ. ಅದೇ ಸಾಲಿನ ನೆತ್ತಿಯ ಮೇಲೆ ಈಗ ಬೆಳ್ಳನೆಯ ಗಾಳಿಯಂತ್ರಗಳು ನಿಂತಿವೆ. ಅವು ಸುಮ್ಮನಿದ್ದದ್ದನ್ನು ಕಂಡವರೂ ಕಡಿಮೆ. ಹಿರಿಯೂರಿನ ಕಡೆಯಿಂದ ಜಾಲಿಯ ಮುಳ್ಳನ್ನೂ ಕೆಂಪು ಧೂಳನ್ನೂ ನೋಡಿ ನೋಡಿ ಗಂಟಲು ಒಣಗಿಸಿಕೊಂಡು ಬಂದವನ ಮುಂದೆ ಮಾರಿಕಣಿವೆ ಅಣೆಕಟ್ಟಿನ ನೀರು ಒಂದೇ ತಿರುವಿನಲ್ಲಿ ಇದ್ದಕ್ಕಿದ್ದಂತೆ ಬಂದು ನಿಲ್ಲುತ್ತದೆ. ಇಷ್ಟು ನೀಲಿಯನ್ನು ಈ ಬೋಳುಗುಡ್ಡಗಳು ಎಲ್ಲಿ ಬಚ್ಚಿಟ್ಟಿದ್ದವು ಎಂದು ಬಾಯಿ ಬಿಟ್ಟುಕೊಂಡು ನೋಡಬೇಕು. ನಾನು ಇವೆಲ್ಲವನ್ನೂ ಬರೆದಿದ್ದೇನೆ, ಎಲ್ಲದರ ಮೇಲೂ ತೆಳ್ಳನೆಯ ಮಂಜು ಹೊದಿಸಿ. "ನೀವು ದುರ್ಗದ ಬಂಡೇನೂ ಬೆಣ್ಣೆ ಥರ ಬರೀತೀರಿ" ಎಂದು ಸಹೋದ್ಯೋಗಿಯೊಬ್ಬರು ಹೇಳಿದಾಗ ಅದನ್ನು ಹೊಗಳಿಕೆಯೆಂದೇ ಭಾವಿಸಿ ಅವರಿಗೆ ಮಸಾಲೆ ದೋಸೆ ಕೊಡಿಸಿದ್ದೆ.

ಹೀಗೆ ಸುಖವಾಗಿದ್ದ ಕಾಲದಲ್ಲಿ ನಮ್ಮೂರಿನ ಕಣ್ಣಿನ ಡಾಕ್ಟರಮ್ಮ ಹೇಳಿ ಕಳಿಸಿದರು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳಲ್ಲಿ ಕಣ್ಣಿನ ಪೊರೆಯ ತಪಾಸಣಾ ಶಿಬಿರ ನಡೆಯಲಿದೆ, ಪೊರೆ ಬಲಿತವರಿಗೆ ದುರ್ಗದ ಆಸ್ಪತ್ರೆಯಲ್ಲಿ ಆಪರೇಷನ್ನು. ಅದಕ್ಕೊಂದು ಚಿತ್ರವಿರುವ ಪೋಸ್ಟರು ಬೇಕು. ಕತ್ತಲೆ ಮತ್ತು ಬೆಳಕು, ಈ ಎರಡರ ವೈದೃಶ್ಯವೇ ಚಿತ್ರದ ವಸ್ತುವಾಗಿರಲಿ, ಉಳಿದದ್ದು ನಿಮಗೆ ಬಿಟ್ಟದ್ದು ಎಂದರು ಅವರು. ಬಿಟ್ಟದ್ದು ಎಂದ ಮೇಲೆ ನಾನು ಬಿಡುವವನಲ್ಲ. ಮೇಜಿನ ಮುಂದೆ ತಪಸ್ಸಿಗೆ ಕುಳಿತೆ. ಹಾಳೆಯ ಎಡಕ್ಕೆ ಸಂಧ್ಯೆ, ಬಲಕ್ಕೆ ಉಷಸ್ಸು; ನಡುವೆ ಜೋಗಿಮಟ್ಟಿಯ ಬೆಟ್ಟದ ಸಾಲು, ಅದರ ಮೇಲೊಂದು ಗಾಳಿಯಂತ್ರ; ಕೆಳಗೆ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ದೂರ ನೋಡುತ್ತಿರುವ ಒಬ್ಬ ಮುದುಕಿ. ಇರುಳೂ ಯಾರನ್ನೂ ಹೆದರಿಸಬಾರದು, ಹಗಲೂ ಯಾರ ಕಣ್ಣನ್ನೂ ಕುಕ್ಕಬಾರದು ಎಂಬ ಸೌಜನ್ಯದಿಂದ ಸಂಧ್ಯೆಗೆ ನಸುನೇರಳೆ, ಉಷಸ್ಸಿಗೆ ನಸುಗೆಂಪು, ಅಕ್ಷರಗಳಿಗೆ ಪಾರಿವಾಳದ ಕೊರಳ ಬಣ್ಣ. ಮುಗಿಸಿ ದೂರ ನಿಂತು ನೋಡಿದೆ, ಹತ್ತಿರ ಬಂದು ನೋಡಿದೆ, ತಲೆ ಓರೆ ಮಾಡಿ ನೋಡಿದೆ. ನನಗೆ ನಾನೇ ಸನ್ಮಾನ ಮಾಡಿಕೊಳ್ಳುವುದೊಂದು ಬಾಕಿ.

ಹೆಂಡತಿ ಗೌರಿ ಅಡಿಗೆಮನೆಯಿಂದ ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ನೋಡಿ, "ಚೆನ್ನಾಗೈತೆ. ಅದೇನ್ ಬರ್ದಿದ್ದೀರಿ ಕೆಳಗೆ?" ಎಂದು ಕೇಳಿ ಹೋದಳು. ಅವಳಿಗೆ ಕನ್ನಡಕ ಬದಲಾಯಿಸುವ ಕಾಲ ಬಂದಿದೆ ಎಂದುಕೊಂಡೆ. ಮನುಷ್ಯನ ಜಂಭ ಎಷ್ಟು ಚುರುಕಾಗಿ ಇನ್ನೊಬ್ಬರ ಕಣ್ಣಿನಲ್ಲಿ ದೋಷ ಹುಡುಕುತ್ತದೆ ನೋಡಿ.

ಡಾಕ್ಟರಮ್ಮ ಚಿತ್ರವನ್ನು ಮೇಜಿನ ಮೇಲೆ ಹರಡಿಕೊಂಡು ನಿಜವಾಗಿಯೂ ಸಂತೋಷಪಟ್ಟರು. ಗೋಡೆಗೆ ಹಾಕಿಕೊಳ್ಳುವಷ್ಟು ಚೆನ್ನಾಗಿದೆ ಎಂದರು. ಆಮೇಲೆ, ಧೂಳು ಕೂರದಿರಲೆಂದು ನಾನೇ ಅದಕ್ಕೆ ಹೊದಿಸಿ ತಂದಿದ್ದ ಬಟರ್ ಪೇಪರನ್ನು ಎತ್ತಿ ಮತ್ತೆ ಚಿತ್ರದ ಮೇಲೆ ಮುಚ್ಚಿ, ಇನ್ನೊಂದು ಮಡಿಕೆ ಮಾಡಿ, "ಈಗ ಓದ್ರಿ ಮೇಷ್ಟ್ರೇ" ಎಂದರು. ಓದುವುದೇನನ್ನು? ಬೆಟ್ಟ ಹೋಗಿತ್ತು, ಮುದುಕಿ ಹೋಗಿದ್ದಳು, ಸಂಧ್ಯೆ ಉಷಸ್ಸುಗಳ ನಡುವಿನ ಗಡಿ ಹೋಗಿತ್ತು. ಶಿಬಿರ ಎಲ್ಲಿ, ಯಾವಾಗ ಎಂಬ ಅಕ್ಷರಗಳಂತೂ ಹುಟ್ಟಿಯೇ ಇರಲಿಲ್ಲವೇನೋ ಎನ್ನುವ ಹಾಗೆ ಅಳಿಸಿಹೋಗಿದ್ದವು. ಹಾಲು ಚೆಲ್ಲಿದ ನೆಲದಂತೆ ಒಂದೇ ಸಮನಾದ ಬಿಳುಪು. "ಪೊರೆ ಬಂದೋರಿಗೆ ಕಾಣೋದು ಹಿಂಗೆ. ನಿಮ್ಮ ಪೋಸ್ಟರ್ ಓದಬೇಕಾದೋರು ಇವರೇ." ಹೀಗೆಂದು ಅವರು ಅದೇ ಬಟರ್ ಪೇಪರನ್ನು ಪಕ್ಕದಲ್ಲಿದ್ದ ದಿನಪತ್ರಿಕೆಯ ಮೇಲಿಟ್ಟರು. ನಾನು ಜನ್ಮದಲ್ಲಿ ಗೌರವಿಸದ ಆ ದಪ್ಪ ಕಪ್ಪು ತಲೆಬರಹ, ಅಂಚುಗಳು ಸ್ವಲ್ಪ ಕರಗಿದ್ದರೂ, ಮಂಜಿನೊಳಗಿಂದ ಬಂಡೆಯ ಹಾಗೆ ನಿಂತಿತ್ತು.

ನಾನು ಆ ಹಾಳೆಯನ್ನು ನನ್ನ ಮುಖದ ಮುಂದೆ ಹಿಡಿದುಕೊಂಡು ಕೋಣೆಯನ್ನೆಲ್ಲ ನೋಡಿದೆ, ಡಾಕ್ಟರಮ್ಮನ ಮುಂದೆ ಹಾಗೆ ಮಾಡುವುದು ಹುಡುಗಾಟವಾಗಿ ಕಾಣುತ್ತದೆಂಬ ಪರಿವೆಯೂ ಇಲ್ಲದೆ. ಗೋಡೆ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆಂದು ತಿಳಿಯಲಿಲ್ಲ. ಎದುರಿನ ಬಿಳಿ ಕೋಟಿನಲ್ಲಿ ಮುಖ ಇತ್ತೋ ಇಲ್ಲವೋ ತಿಳಿಯಲಿಲ್ಲ. ಬಾಗಿಲಿನ ಕಪ್ಪು ಚೌಕಟ್ಟು ಮಾತ್ರ ಕಂಡಿತು, ಅದನ್ನು ಕಂಡು ಆದ ಸಮಾಧಾನ ಅಷ್ಟಿಷ್ಟಲ್ಲ. ಬೆಳಕು ಎಷ್ಟಿದ್ದರೂ ಕಾಣುವುದಿಲ್ಲ, ಎರಡು ವಸ್ತುಗಳ ನಡುವೆ ಭೇದವಿದ್ದರೆ ಮಾತ್ರ ಕಾಣುತ್ತದೆ ಎನ್ನುವ ಸಂಗತಿ ಆವತ್ತು ನನ್ನ ಮೈಗೆ ತಟ್ಟಿತು. ಹಾಗೆ ಹಾಳೆ ಹಿಡಿದು ನಿಂತಿದ್ದಾಗಲೇ ನನಗೆ ಮತ್ತೋಡಿನಲ್ಲಿರುವ ನಮ್ಮ ಮಾವನ ನೆನಪಾದದ್ದು.

ಮಾವ ಎಂದರೆ ಗೌರಿಯ ತಂದೆ ಸಿದ್ದಪ್ಪನವರು. ಕುರಿ ಕಾಯುತ್ತ ಬೆಳೆದವರು, ಕುರಿ ಸಾಕುತ್ತಲೇ ಮುದುಕರಾದವರು. ಈಗ ಮಗ ತಿಪ್ಪೇಶ ಹೊಲವನ್ನೂ ಹಿಂಡನ್ನೂ ನೋಡಿಕೊಳ್ಳುತ್ತಾನೆ. ಮಾವನಿಗೆ ಚಿಕ್ಕಂದಿನಲ್ಲಿ ಜಾಲಿಮುಳ್ಳು ತಾಗಿ ಬಲಗಣ್ಣು ಹೋಗಿತ್ತು. ಉಳಿದ ಎಡಗಣ್ಣು ಇಬ್ಬರ ಕೆಲಸ ಮಾಡಿ ದಣಿದಿತ್ತೋ ಏನೋ, ಅದಕ್ಕೂ ಪೊರೆ ಬಂದು ಕೆಲವು ವರ್ಷವಾಗಿತ್ತು. ಹೊಸದುರ್ಗದ ವೈದ್ಯರು ನೋಡಿ, ಬೇಗ ತೆಗೆಸಿ, ತಡ ಮಾಡಿದರೆ ಪೊರೆ ಬಲಿತು ಕಣ್ಣೇ ಕೆಡುತ್ತದೆ ಎಂದಿದ್ದರು. ಮಾವ ಕೇಳಿಸಿಕೊಂಡು, ಹೊದ್ದಿದ್ದ ಕಂಬಳಿಯನ್ನು ಕೊಡವಿ, ಮನೆಗೆ ಬಂದುಬಿಟ್ಟರು. ಎರಡಿದ್ದವನು ಒಂದನ್ನು ಪಣಕ್ಕೆ ಹಚ್ಚಬಹುದು. ಒಂದೇ ಇದ್ದವನು ಏನು ಮಾಡಬೇಕು? "ಇರಾದೊಂದು. ಅದನ್ನೂ ಕುಯ್ಸಿ ಅದೂ ಹೋದ್ರೆ ನೀವ್ ತಂದ್ಕೊಡ್ತೀರೇನ್ರಿ ಮೇಷ್ಟ್ರೇ?" ಎಂದು ಅವರು ಕೇಳಿದ್ದರು.

ಇಷ್ಟೇ ಆಗಿದ್ದರೆ ಹೇಗೋ ಒಪ್ಪಿಸಬಹುದಿತ್ತು. ಆದರೆ ತಮ್ಮ ಕಣ್ಣು ಗಟ್ಟಿಯಾಗಿದೆ ಎಂಬುದಕ್ಕೆ ಅವರ ಬಳಿ ಒಂದು ಪುರಾವೆ ಇತ್ತು, ಅದನ್ನು ನಾವು ಯಾರೂ ಅಲ್ಲಗಳೆಯುವಂತಿರಲಿಲ್ಲ. ನಮ್ಮ ಕಡೆಯ ಕುರುಬರ ಮನೆಗಳಲ್ಲಿ ಹೆಣ್ಣು ಗಂಡು ಗೊತ್ತು ಮಾಡುವ ಒಪ್ಪಂದವಾಗಲಿ ಮದುವೆಯಾಗಲಿ, ಕಂಬಳಿ ಗದ್ದಿಗೆ ಹಾಕದೆ ನಡೆಯುವುದಿಲ್ಲ. ಕರಿಯ ಕಂಬಳಿಯನ್ನು ಮಡಿಸಿ ನೆಲಕ್ಕೆ ಹಾಸಿ, ಅದರ ಮೇಲೆ ಅಕ್ಕಿಯಲ್ಲಿ ಗೆರೆ ಎಳೆದು ಗದ್ದಿಗೆ ಬರೆದು, ಭಂಡಾರದ ಅರಿಸಿನ ಹಾಕಿ, ಎಲೆ ಅಡಿಕೆ ಇಟ್ಟು ಪೂಜೆ ಮಾಡುತ್ತಾರೆ. ಆ ಕಂಬಳಿಯ ಮುಂದೆ ಆಡಿದ ಮಾತು ಮಾತೇ. ಕಂಬಳಿಯನ್ನು ಎತ್ತಿ ಮಡಿಸುವವರೆಗೂ ಅಲ್ಲಿ ಯಾರೂ ಬಾಯಿಗೆ ಬಂದದ್ದು ಮಾತಾಡುವುದಿಲ್ಲ. ಮತ್ತೋಡಿನ ಸುತ್ತಮುತ್ತಲಿನ ನಮ್ಮ ಬಳಗದಲ್ಲಿ ಗದ್ದಿಗೆ ಬರೆಯುವ ಹಕ್ಕು ಮಾವನ ಮನೆತನದ್ದು, ಬರೆಯುವ ಕೈ ಮಾವನದು. ಎದುರಿಗೆ ನಿಂತ ಅಳಿಯನ ಗುರುತು ಹತ್ತದ ಮನುಷ್ಯ ಕರಿ ಕಂಬಳಿಯ ಮೇಲೆ ಬಿದ್ದ ಒಂದೊಂದು ಕಾಳನ್ನೂ ಕಾಣುತ್ತಿದ್ದರು. ಇನ್ನು ಪೊರೆ ಎಲ್ಲಿಂದ ಬಂತು?

ಬಟರ್ ಪೇಪರಿನ ಪ್ರಕರಣವಾದ ವಾರದಲ್ಲೇ ತಿಪ್ಪೇಶನ ಮಗಳ ಒಪ್ಪಂದದ ಶಾಸ್ತ್ರಕ್ಕೆ ನಾನೂ ಗೌರಿಯೂ ಮತ್ತೋಡಿಗೆ ಹೋದೆವು. ಗಂಡಿನ ಕಡೆಯವರು ತುರುವನೂರಿನಿಂದ ಬಂದಿದ್ದರು. ಮನೆಯ ಮುಂದಿನ ಚಪ್ಪರದಲ್ಲಿ ಹೆಂಗಸರ ಗಲಗಲ, ಗಂಡಸರ ಎಲೆ ಅಡಿಕೆ, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತ ನನ್ನಂಥವರಿಗೆ "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ" ಎಂಬ ಉಪಚಾರ. ಮಾವನನ್ನು ತಿಪ್ಪೇಶ ರಟ್ಟೆ ಹಿಡಿದು ಹೊಸಿಲು ದಾಟಿಸಿಕೊಂಡು ಬಂದ. ನನ್ನ ಮುಂದೆ ಬಂದಾಗ ಅವರು, "ಯಾರು, ತುರುವನೂರಿನೋರಾ?" ಎಂದು ಕೇಳಿ ಕೈ ಮುಗಿದರು. ಅಳಿಯನಾಗಿ ಇಷ್ಟು ಕಾಲವಾದ ಮೇಲೆ ಬೀಗರ ಮರ್ಯಾದೆ ಸಿಕ್ಕಿದ್ದಕ್ಕೆ ನಾನು ನಗಬೇಕೋ ಅಳಬೇಕೋ ತಿಳಿಯದೆ ನಮಸ್ಕಾರ ಹೇಳಿದೆ.

ಆಮೇಲೆ ಅವರು ಕಂಬಳಿಯ ಮುಂದೆ ಕುಳಿತರು. ನಾನು ನನ್ನ ಕಸುಬಿನಲ್ಲಿ ಎಷ್ಟೋ ಕೈಗಳನ್ನು ನೋಡಿದ್ದೇನೆ. ಗೆರೆ ಎಳೆಯುವ ಮುಂಚೆ ಅಳುಕುವ ಕೈ, ಎಳೆದ ಮೇಲೆ ಉಜ್ಜುವ ಕೈ, ರಬ್ಬರಿಗಾಗಿ ಪಕ್ಕದವನ ಕಡೆ ಚಾಚುವ ಕೈ. ಮಾವನ ಕೈಗೆ ಅದಾವುದೂ ಗೊತ್ತಿರಲಿಲ್ಲ. ಮುಷ್ಟಿಯಲ್ಲಿ ಅಕ್ಕಿ ಹಿಡಿದು, ಹೆಬ್ಬೆರಳಿನ ಸಂದಿಯಿಂದ ಬಿಡುತ್ತ, ಉಸಿರು ಬಿಗಿಹಿಡಿದು ಎಳೆದರು ನೋಡಿ, ಇರುಳಿನಂಥ ಆ ಉಣ್ಣೆಯ ಮೇಲೆ ಬೆಳ್ಳನೆಯ ಗೆರೆ ಹುಟ್ಟಿ, ನಡೆದು, ತಿರುಗಿ, ಇನ್ನೊಂದು ಗೆರೆಯನ್ನು ಕೂಡಿಕೊಂಡಿತು. ಚೌಕದೊಳಗೆ ಚೌಕ, ನಡುವೆ ಒಂದು ಬೊಟ್ಟು ಅರಿಸಿನ. ಅಲ್ಲಿ ನನ್ನ ನಸುನೇರಳೆಗೆ ಜಾಗವಿರಲಿಲ್ಲ. ಕಪ್ಪು ಅಷ್ಟು ಕಪ್ಪಾಗಿ, ಬಿಳಿ ಅಷ್ಟು ಬಿಳಿಯಾಗಿ, ಎರಡೂ ಒಂದರ ಮೈಗೊಂದು ತಾಗಿ ಕುಳಿತಿದ್ದವು. ಹುಟ್ಟಿದಾಗಿನಿಂದ ನೋಡಿದ ಗದ್ದಿಗೆಯನ್ನು ನಾನು ಆವತ್ತೇ ನೋಡಿದೆ, ನಾನು ಬರೆಯಬೇಕಾಗಿದ್ದ ಪೋಸ್ಟರು ಅಲ್ಲೇ ನೆಲದ ಮೇಲೆ ಬಿದ್ದಿತ್ತು. ಜೇಬಿನಿಂದ ಪೆನ್ನು ತೆಗೆದು ಕೈಗೆ ಸಿಕ್ಕ ಯಾರದೋ ಮದುವೆಯ ಕರೆಯೋಲೆಯೊಂದರ ಹಿಂಬದಿಯಲ್ಲಿ ಗೀಚಿಕೊಂಡೆ.

ಮಾವ ಬೆನ್ನು ನೆಟ್ಟಗೆ ಮಾಡಿ, ಸುತ್ತಲೂ ಮುಖ ತಿರುಗಿಸಿ, "ಎಲ್ಲಾ ಕಾಣ್ತೈತೆ. ಒಂದೊಂದ್ ಕಾಳೂ ಎಣಸ್ಲೇನು?" ಎಂದರು. ಸೇರಿದ್ದವರು ಹೌದೌದು ಎಂದರು. ತುರುವನೂರಿನ ಹಿರಿಯರೊಬ್ಬರು, ಈ ವಯಸ್ಸಿನಲ್ಲಿ ಇಂಥ ದೃಷ್ಟಿ ಯಾರಿಗಿದೆ ಎಂದು ತಲೆದೂಗಿದರು. ನಿಜ ಹೇಳುತ್ತೇನೆ, ಡಾಕ್ಟರಮ್ಮನ ಪಾಠ ಕೇಳಿಕೊಂಡು ಬಂದಿದ್ದ ನಾನೂ ಆ ಗಳಿಗೆಯಲ್ಲಿ ತಲೆದೂಗಿದೆ.

ಮಾತುಕತೆ ಮುಗಿದು ಎರಡೂ ಕಡೆಯವರು ಒಪ್ಪಿದ ಮೇಲೆ ಗದ್ದಿಗೆಯ ಅಕ್ಕಿಯನ್ನು ಹೆಣ್ಣಿನ ಉಡಿಗೆ ಕೊಡುವುದು ನಮ್ಮ ಮನೆತನದ ರೂಢಿ. ಮಾವನ ಮುಂದೆ ಮಡಿ ಮಾಡಿದ ಬಿಳಿಯ ಬಟ್ಟೆಯೊಂದನ್ನು ಹಾಸಿದರು. ತಿಪ್ಪೇಶನೂ ಗಂಡಿನ ಸೋದರಮಾವನೂ ಕಂಬಳಿಯ ಅಂಚು ಹಿಡಿದೆತ್ತಿ, ಅಕ್ಕಿಯನ್ನು ಆ ಬಟ್ಟೆಗೆ ಸುರಿದು, ಕಂಬಳಿಯನ್ನು ಮತ್ತೆ ಅದರ ಜಾಗದಲ್ಲೇ ಹಾಸಿದರು. ಗಂಟು ಕಟ್ಟಬೇಕಾದವರು ಮಾವ. ಗಂಟು ಕಟ್ಟಿದ ಮೇಲೆಯೇ ಕಂಬಳಿ ಎತ್ತುವುದು. ಅವರು ಬಟ್ಟೆಯ ಮೇಲೆ ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು.

"ಸುರೀರಲೇ. ಯಾಕ್ ನಿಂತ್ರಿ?"

"ಸುರಿದೀವಲ್ಲಪ್ಪ" ಎಂದ ತಿಪ್ಪೇಶ.

"ಎಲ್ಲಿಗ್ ಸುರಿದ್ರಿ? ಬಟ್ಟೆ ಖಾಲಿ ಐತೆ." ಮಾವನ ದನಿ ಏರಿತು. "ಗದ್ದಿಗೆ ಅಕ್ಕಿ ನೆಲಕ್ಕೆ ಚೆಲ್ಲಿದ್ರೇನ್ರಲೇ? ಮೊಮ್ಮಗಳ ಉಡಿಗೆ ಏನ್ ಕಟ್ಲಿ ನಾನು?"

ಅಕ್ಕಿ ಅವರ ಮೂಗಿನ ಕೆಳಗೇ ರಾಶಿಯಾಗಿ ಬಿದ್ದಿತ್ತು. ಕಂಬಳಿಯ ಮೇಲೆ ಒಂದೊಂದು ಕಾಳಾಗಿ ಕಂಡದ್ದು ಬಟ್ಟೆಯ ಮೇಲೆ ಅಷ್ಟೂ ಸೇರಿ ಇಲ್ಲವಾಗಿತ್ತು. ನಾವು ಇಷ್ಟು ವರ್ಷ ಅವರ ಕಣ್ಣನ್ನು ಪರೀಕ್ಷೆ ಮಾಡಿದ್ದು ಕರಿ ಕಂಬಳಿಯ ಮೇಲೆ; ಕಂಬಳಿ ಅವರ ಪರವಾಗಿ ಸಾಕ್ಷಿ ಹೇಳುತ್ತ ಬಂದಿತ್ತು, ಇಡೀ ಬಳಗ ನಂಬುತ್ತ ಬಂದಿತ್ತು.

ಗೌರಿ ಹೆಂಗಸರ ನಡುವಿನಿಂದ ಎದ್ದು ಬಂದು, ಅಪ್ಪನ ಪಕ್ಕದಲ್ಲಿ ಕುಳಿತು, ಅವರ ಬಲಗೈಯನ್ನು ಹಿಡಿದು ಮೆಲ್ಲಗೆ ಅಕ್ಕಿಯೊಳಗಿಟ್ಟಳು. ಮಾವನ ಬೆರಳುಗಳು ಅಲ್ಲೇ ನಿಂತವು. ಆಮೇಲೆ ಸ್ವಲ್ಪ ಆಡಿದವು, ಒಂದು ಹಿಡಿ ತುಂಬಿಕೊಂಡವು, ಬಿಟ್ಟವು.

"ಬಟ್ಟೆ ಬೆಳ್ಳಗೈತಾ ಗೌರಿ?"

"ಹೂಂ ಅಪ್ಪ. ಬೆಳ್ಳಗೈತೆ."

"ನಂಗೆ ಬಟ್ಟೆ ಒಂದೇ ಕಾಣ್ತೈತಲ್ಲೇ" ಎಂದರು ಮಾವ. ಆ ಮಾತಿನಲ್ಲಿದ್ದದ್ದು ದುಃಖವಲ್ಲ, ಬೆರಗು. ತಮ್ಮ ಕಣ್ಣು ಎಷ್ಟು ಹೋಗಿದೆ ಎಂಬುದನ್ನು ಅವರು ಮೊದಲ ಸಲ ಕಂಡಿದ್ದರು.

ಗೌರಿ ತಂದೆಗೆ ಬುದ್ಧಿ ಹೇಳಲಿಲ್ಲ, ಹೆದರಿಸಲಿಲ್ಲ. "ಗದ್ದಿಗೆ ಇನ್ನ ಎತ್ತಿಲ್ಲ ಅಪ್ಪ" ಎಂದಳು, ಅಷ್ಟೇ. ಕುರುಬರ ಮನೆಯ ಮಗಳು ಕುರುಬರ ಮನೆಯ ತಂದೆಗೆ ಹೇಳಬಹುದಾದ ಮಾತು ಅದಕ್ಕಿಂತ ಹೆಚ್ಚಿನದಿಲ್ಲ. ಹಾಸಿದ ಕಂಬಳಿಯ ಮುಂದೆ ಮಾತು ಕೊಡು ಎಂದು ಅವಳು ಕೇಳುತ್ತಿದ್ದಾಳೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಮಾವ ಮಾತಾಡಿದ್ದು ಮಗಳ ಹತ್ತಿರವಲ್ಲ, ಸೇರಿದ ಬಳಗದ ಹತ್ತಿರ.

"ಕಣ್ ಹೋದ್ರೆ ಹೋಗ್ಲಿ. ಕತ್ಲಾಗೂ ಕುಂತಿರ್ತೀನಿ, ಅದ್ಕೇನಿಲ್ಲ. ಆದ್ರೆ ಕುಲ್ಡ ಅಂತ ಗದ್ದಿಗೆ ಬಿಡಿಸ್ತೀರಲ್ಲ ನೀವು, ಅದೇ ನಂಗೆ ಭಯ. ಕಣ್ಣಿರ್ಲಿ, ಹೋಗ್ಲಿ, ಮೊಮ್ಮಗಳ ಮದ್ವೆ ಗದ್ದಿಗೆ ನಾನೇ ಬರೀತೀನಿ. ಬೇಡ ಅಂಬಂಗಿಲ್ಲ. ಹೂಂ ಅಂದ್ರೆ ನಾನೂ ಹೂಂ ಅಂತೀನಿ."

ಇಷ್ಟು ದಿನ ಅವರು ಹೆದರಿದ್ದು ಕತ್ತಲೆಗೆ ಎಂದೇ ನಾವು ತಿಳಿದಿದ್ದೆವು. ತುರುವನೂರಿನ ಹಿರಿಯರು ಮೊದಲು ಮುಂದೆ ಬಂದು ಕಂಬಳಿಯ ಮೇಲೆ ಕೈಯಿಟ್ಟು, "ಕೈ ನಿಮ್ದು ಗಟ್ಟಿ ಐತೆ ಗೌಡ್ರೇ, ನೀವೇ ಬರೀರಿ" ಎಂದರು. ತಿಪ್ಪೇಶ ಕೈಯಿಟ್ಟ. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ನಾನೂ ಇಟ್ಟೆ, ಆ ಒರಟು ಉಣ್ಣೆಯ ಸ್ಪರ್ಶ ನನ್ನ ಅಂಗೈಯಲ್ಲಿ ಊರಿಗೆ ಬಂದರೂ ಹೋಗಲಿಲ್ಲ. ಕಡೆಗೆ ಮಾವ ಇಟ್ಟರು, ತಡವಿಕೊಂಡು ಗಂಟು ಕಟ್ಟಿ ಮೊಮ್ಮಗಳ ಉಡಿಗೆ ಹಾಕಿದರು. ಆಮೇಲೆ ಕಂಬಳಿ ಎತ್ತಿದರು.

ಹೊಳಲ್ಕೆರೆಗೆ ಹಿಂದಿರುಗಿದವನೇ ನಾನು ಮಾಡಿದ ಮೊದಲ ಕೆಲಸ ಕಪ್ಪಿನ ಟ್ಯೂಬಿನ ಮುಚ್ಚಳ ತೆಗೆದದ್ದು. ಅದು ಗಟ್ಟಿಯಾಗಿ ಕಚ್ಚಿಕೊಂಡು, ಇಕ್ಕಳದಿಂದ ತಿರುಗಿಸಿದ ಮೇಲೆಯೇ ಬಾಯಿ ಬಿಟ್ಟಿತು. ಹಾಳೆಯ ತುಂಬ ಕಪ್ಪು ಬಳಿದೆ. ಬಳಿಯುತ್ತ ಎರಡು ಸಲ ಬ್ರಷ್ಷನ್ನು ಕೆಳಗಿಟ್ಟೆ ಎಂದರೆ ನೀವು ನಗುತ್ತೀರಿ. ಇಷ್ಟೊಂದು ಕಪ್ಪನ್ನು ಒಂದೇ ಸಲ ಕಂಡು ರೂಢಿಯಿಲ್ಲದ ಕೈ. ಅದರ ಮೇಲೆ ಗದ್ದಿಗೆಯ ಗೆರೆಗಳ ಹಾಗೆ ಕಾಳು ಕಾಳಾಗಿ ಬಿಳಿ ಚುಕ್ಕಿಗಳನ್ನಿಟ್ಟು ಒಂದು ತೆರೆದ ಕಣ್ಣು ಬರೆದೆ. ಕೆಳಗೆ ದಪ್ಪನೆಯ ಬಿಳಿ ಅಕ್ಷರಗಳಲ್ಲಿ ಶಿಬಿರದ ವಿಷಯ. ಬಟರ್ ಪೇಪರನ್ನು ಎರಡು ಮಡಿಕೆ ಮಾಡಿ ಮುಚ್ಚಿದೆ, ಮೂರು ಮಡಿಕೆ ಮಾಡಿದೆ. ಹಾಳೆಯ ಮೇಲಿನ ಕಣ್ಣು ಮುಚ್ಚಿಕೊಳ್ಳಲಿಲ್ಲ.

ದುರ್ಗದ ಪ್ರಿಂಟಿಂಗ್ ಪ್ರೆಸ್ಸಿನ ಮಾಲೀಕರು ಮಾತ್ರ ಅದನ್ನು ಕೈಯಲ್ಲಿ ಹಿಡಿದು ನನ್ನನ್ನೂ ಪೋಸ್ಟರನ್ನೂ ಒಂದೊಂದು ಸಲ ನೋಡಿ, ಕನಿಕರದಿಂದ, "ಯಾರು ಸಾರ್ ತೀರ್ಕಂಡಿದ್ದು?" ಎಂದು ಕೇಳಿದರು. ನಮ್ಮಲ್ಲಿ ಅಷ್ಟು ಕಪ್ಪು ಹಾಳೆ ಗೋಡೆ ಹತ್ತುವುದು ಭಾವಪೂರ್ಣ ಶ್ರದ್ಧಾಂಜಲಿಗೆ ಮಾತ್ರ. ಯಾರೂ ತೀರಿಕೊಂಡಿಲ್ಲ, ನನ್ನ ನಸುನೇರಳೆಯೊಂದನ್ನು ಬಿಟ್ಟು, ಎಂದು ಹೇಳಬೇಕೆನಿಸಿದರೂ, ಕಣ್ಣಿನ ನಡುವೆ ಪಾಪೆಯ ಜಾಗದಲ್ಲಿ ಒಂದು ಬೊಟ್ಟು ಭಂಡಾರದ ಹಳದಿಯನ್ನು ಅಲ್ಲೇ ಇಟ್ಟುಕೊಟ್ಟೆ. ಸಾವಿನ ಮನೆಯ ಕಳೆ ಹೋಗಿ ಪೂಜೆಯ ಕಳೆ ಬಂತು ಎಂದು ಅವರು ಸಮಾಧಾನಪಟ್ಟು ಮೆಷಿನ್ನಿಗೆ ಹಾಕಿದರು.

ಪೋಸ್ಟರು ಅಂಟಿಸಿದ ಮೇಲೆ ಕಲಾವಿದನಾದವನು ಅದರ ಸುತ್ತಮುತ್ತ ಏನೋ ಕೆಲಸವಿರುವವನಂತೆ ಓಡಾಡುವುದು ಸಹಜವಷ್ಟೆ. ಹೊಳಲ್ಕೆರೆಯ ಮಾರ್ಕೆಟ್ ಯಾರ್ಡಿನ ಗೋಡೆಯ ಹತ್ತಿರ ನಾನು ಹಾಗೆ ಸುಳಿದಾಡುತ್ತಿದ್ದಾಗ, ಮೊಮ್ಮಗಳ ಭುಜ ಹಿಡಿದು ನಡೆಯುತ್ತಿದ್ದ ಮುದುಕಿಯೊಬ್ಬಳು ನಿಂತಳು. ಗೋಡೆಯ ಹತ್ತಿರ ಹೋಗಿ, ಬಿಳಿ ಚುಕ್ಕಿಯೊಂದನ್ನು ಉಗುರಿನಿಂದ ಕೆರೆದು ನೋ‌ಡಿದಳು, ಅಕ್ಕಿ ಅಂಟಿಸಿದ್ದಾರೇನೋ ಎಂದು. "ಇದು ಕಾಣ್ತೈತಲ್ಲೇ" ಎಂದು ಹುಡುಗಿಗೆ ಹೇಳಿದಳು. ನನ್ನ ಇಡೀ ಸರ್ವೀಸಿನಲ್ಲಿ ನನಗೆ ಬಂದ ವಿಮರ್ಶೆಗಳಲ್ಲಿ ಅದಕ್ಕೆ ಸಮನಾದದ್ದು ಬೇರೆ ಇಲ್ಲ. ಯಾರಿಗಾದರೂ ಮಸಾಲೆ ದೋಸೆ ಕೊಡಿಸಬೇಕಾಗಿದ್ದರೆ ಅವಳಿಗೆ ಕೊಡಿಸಬೇಕಿತ್ತು, ನಾನು ಸುಧಾರಿಸಿಕೊಳ್ಳುವಷ್ಟರಲ್ಲಿ ಅವರು ಬಸ್ಸು ಹತ್ತಿಬಿಟ್ಟಿದ್ದರು.

ಮಾವ ಮಾತಿಗೆ ತಪ್ಪಲಿಲ್ಲ. ಹೊಸದುರ್ಗದ ಶಿಬಿರದಲ್ಲಿ ತಪಾಸಣೆಯಾಗಿ, ದುರ್ಗದ ಆಸ್ಪತ್ರೆಯಲ್ಲಿ ಆಪರೇಷನ್ನು ಆಯಿತು. ಒಳಗೆ ಹೋಗುವ ಮುಂಚೆ, "ನಡೀರಿ ಮೇಷ್ಟ್ರೇ, ಹೋಗಾಣ" ಎಂದು ನನ್ನ ಕೈ ಹಿಡಿದುಕೊಂಡರು. ಬಾಗಿಲಿನ ಆಚೆಗೆ ನನ್ನನ್ನು ಬಿಡುವುದಿಲ್ಲ ಎಂದು ತಿಳಿದಾಗ ಕೈ ಬಿಟ್ಟು ಒಬ್ಬರೇ ನಡೆದರು. ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಕಲಾಮೀಮಾಂಸೆಯನ್ನೆಲ್ಲ ಮರೆತಿದ್ದೆ. ಎಲ್ಲರ ಜೊತೆ ಕಂಬಳಿಯ ಮೇಲೆ ಕೈಯಿಟ್ಟು ಕಳಿಸಿದ್ದೇನೆ, ಇರುವುದು ಒಂದೇ ಕಣ್ಣು, ಅದು ಹೋದರೆ ಗೌರಿಯ ಮುಖ ಹೇಗೆ ನೋಡಲಿ ಎಂಬುದೊಂದೇ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಗೌರಿ ಪಕ್ಕದಲ್ಲಿ ಕುಳಿತು ಸೆರಗಿನ ಅಂಚನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಕಿಟಕಿಯಿಂದ ಎಳೆಬಿಸಿಲು ಬಂದು ವಾರ್ಡಿನ ನೆಲದ ಮೇಲೆ ಬಿದ್ದಿತ್ತು. ವೈದ್ಯರು ಮಾವನ ಮುಂದೆ ಬೆರಳು ಹಿಡಿದು ಎಷ್ಟು ಎಂದು ಕೇಳಿದರು. ಇನ್ನೊಮ್ಮೆ ಕೇಳಿದರು, ಮಾವ ಆ ಬೆರಳುಗಳನ್ನು ನೋಡಲೇ ಇಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಅವರ ಕಣ್ಣು ವೈದ್ಯರನ್ನು ದಾಟಿ, ಮಂಚದ ಕಾಲ ಕಡೆ ನಿಂತಿದ್ದ ಗೌರಿಯ ಮೇಲೆ ನಿಂತಿತ್ತು. ಅದು ಅಲ್ಲಾಡದೆ ನೋಡುತ್ತಿತ್ತು.

"ಗೌರೀ, ನಿನ್ ತಲೆ ಯಾವಾಗ್ ಬೆಳ್ಳಗಾತೇ?"

ಗೌರಿ ನಗಲು ಹೋಗಿ ಅತ್ತಳು. "ಆಗಿ ಬಾಳ ದಿನ ಆತಪ್ಪ" ಎನ್ನುತ್ತ ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡಳು.

"ಸೆರಗ್ ತೆಗಿ" ಎಂದರು ಮಾವ. "ನೋಡಾಣ."

ಅವಳು ತೆಗೆದಳು. ಕಿಟಕಿಯ ಬೆಳಕು ಅವಳ ತಲೆಯ ಮೇಲೆ ಬಿತ್ತು. ಬೈತಲೆಯ ಎರಡೂ ಕಡೆ, ಕಿವಿಯ ಮೇಲೆ, ಕಪ್ಪಿನ ನಡುವೆ ಎಳೆ ಎಳೆಯಾಗಿ ಬಿಳಿ ಹಬ್ಬಿತ್ತು, ಹಣೆಯ ಹತ್ತಿರ ಕಪ್ಪೇ ಕಡಿಮೆಯಾಗಿತ್ತು. ದಿನವೂ ಒಂದೇ ಮನೆಯಲ್ಲಿ ಇವಳೆದುರು ಕುಳಿತು ಉಣ್ಣುವ ನನಗೆ, ಕಣ್ಣಿಗೆ ಯಾವ ಪೊರೆಯೂ ಇಲ್ಲದ ನನಗೆ, ಇದು ಯಾವಾಗ ಆಯಿತೆಂದು ಗೊತ್ತಿರಲಿಲ್ಲ. ಮಾವ ಮಗಳನ್ನು ನೋಡುತ್ತಲೇ ಇದ್ದರು. ನಾನೂ ಅವರ ಮಂಚದ ಪಕ್ಕದಲ್ಲಿ ನಿಂತು ಅವಳನ್ನು ನೋಡಿದೆ.